ಜೋಡಿ ನಕ್ಷತ್ರ ವೀಕ್ಷಣೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ

ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಂಡು, ದೂರದರ್ಶಕದಲ್ಲಿ ಎರಡಾಗಿ ಬಿಡಿಸಿಕೊಳ್ಳುವ ತಾರೆಗೆ ಜೋಡಿ ನಕ್ಷತ್ರವೆಂದು ಹೆಸರು. ಇದರಲ್ಲಿ ಎರಡು ಬಗೆಯುಂಟು. ಪರಸ್ಪರ ಗುರುತ್ವಕ್ಕೆ ಕಟ್ಟುಬಿದ್ದು ಒಂದನ್ನೊಂದು ಸುತ್ತುವವು ಯಮಳ ನಕ್ಷತ್ರಗಳು. ಒಂದು ಹತ್ತಿರ, ಇನ್ನೊಂದು ಬಹುದೂರ ಇದ್ದು, ನಾವು ನೋಡುವ ನೇರದಲ್ಲಿ ಮಾತ್ರ ಪಕ್ಕಪಕ್ಕ ಕಾಣುವವು ತೋರಿಕೆಯ ಜೋಡಿಗಳು. ಕಣ್ಣಿಗೆ ಎರಡು ಬಗೆಯವೂ ಒಂದೇ ರೀತಿ ಕಾಣುತ್ತವೆ. ಯಾವುದು ಯಾವ ಬಗೆಯದೆಂದು ತಿಳಿಯಲು ಎಷ್ಟೋ ವೇಳೆ ದಶಕಗಟ್ಟಲೆ ಅಳೆಯಬೇಕಾಗುತ್ತದೆ. ಆಕಾಶದಲ್ಲಿ ಇಷ್ಟೊಂದು ಜೋಡಿಗಳು ಬರಿಯ ಆಕಸ್ಮಿಕದಿಂದ ಕೂಡಿರಲಾರವೆಂದು 1767ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಲೆಕ್ಕ ಹಾಕಿ ತೋರಿಸಿದ. ಮಿಥುನ ರಾಶಿಯ ಕ್ಯಾಸ್ಟರ್ ಜೋಡಿ ನಿಜಕ್ಕೂ ತಿರುಗುತ್ತಿದೆಯೆಂದು ವಿಲಿಯಂ ಹರ್ಷೆಲ್ 1803ರಲ್ಲಿ, ತನ್ನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಳತೆಯ ಬಲದಿಂದ ಸಾಧಿಸಿದ. ನ್ಯೂಟನ್ನನ ಗುರುತ್ವ ಸೌರವ್ಯೂಹದ ಆಚೆಗೂ ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಕಂಡದ್ದು ಆಗ.

ಖಗೋಳ ಹವ್ಯಾಸಗಳಲ್ಲಿ ತುಂಗಭದ್ರೆಯ ಈ ಸೀಮೆಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಜೋಡಿ ನಕ್ಷತ್ರಗಳ ವೀಕ್ಷಣೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ನೀಹಾರಿಕೆ, ಗೆಲಾಕ್ಸಿಗಳನ್ನು ಕಾಣಲು ಕಗ್ಗತ್ತಲೆ ಬೇಕು. ಹೊಸಪೇಟೆಯ ಬೀದಿದೀಪ, ಜಲಾಶಯದ ಮೇಲಿನ ದೀಪಾಲಂಕಾರ, ತೋರಣಗಲ್ಲಿನ ಕಡೆಯ ಕೈಗಾರಿಕೆಗಳ ಬೆಳಕು ಸೇರಿ ಆ ಕತ್ತಲೆ ಈಗ ವಿರಳ. ಜೋಡಿ ನಕ್ಷತ್ರಕ್ಕೆ ಇದರ ಬಾಧೆ ಕಡಿಮೆ. ಹುಣ್ಣಿಮೆಯ ರಾತ್ರಿಯಲ್ಲೂ, ಊರ ನಡುವಿನ ಮಾಳಿಗೆಯ ಮೇಲಿಂದಲೂ ಅದು ತೋರುತ್ತದೆ. ಇದಕ್ಕೆ ಬೇಕಾದದ್ದು ಕತ್ತಲೆಗಿಂತ ಹೆಚ್ಚಾಗಿ ಅಲುಗದ ಗಾಳಿ ಮತ್ತು ನೋಡುವವರ ತಾಳ್ಮೆ.

ಅರುಂಧತಿ

ಕನ್ನಡ ನಾಡಿನ ಮನೆಮನೆಗೂ ಗೊತ್ತಿರುವ ಜೋಡಿ ಸಪ್ತರ್ಷಿ ಮಂಡಲದ ವಸಿಷ್ಠ ಮತ್ತು ಅರುಂಧತಿ. ಸಪ್ತಪದಿಯ ನಂತರ ವಧೂವರರಿಗೆ ಧ್ರುವವನ್ನೂ ಅರುಂಧತಿಯನ್ನೂ ತೋರಿಸುವ ಶಾಸ್ತ್ರವಿದೆ. ಅರುಂಧತಿ ಕಾಣದವನ ಆಯುಸ್ಸು ಮುಗಿಯುತ್ತ ಬಂದಿದೆ ಎಂಬ ನಂಬಿಕೆಯೂ ಹಳೆಯದು. ಅದರ ತಿರುಳು ಕಣ್ಣಿನ ಪರೀಕ್ಷೆಯೇ ಇರಬೇಕು. ಶಾಸ್ತ್ರಕಾರರು ಹೇಳುವ ಅರುಂಧತೀ ನ್ಯಾಯದಲ್ಲಿ ಮೊದಲು ಹತ್ತಿರದ ದೊಡ್ಡ ಚುಕ್ಕಿಯನ್ನು ತೋರಿಸಿ, ಆಮೇಲೆ ಅದರ ಪಕ್ಕದ ಸಣ್ಣದರ ಕಡೆಗೆ ಕಣ್ಣನ್ನು ಕರೆದೊಯ್ಯುತ್ತಾರೆ. ದೂರದರ್ಶಕದಲ್ಲಿ ಮಂದವಾದ ಸಂಗಾತಿಯನ್ನು ಹುಡುಕುವ ಕ್ರಮವೂ ಇದೇ. ಹೊಸಬರಿಗೆ ಕಲಿಸುವವರು ಬೇರೆ ಪಾಠವನ್ನು ಹುಡುಕಬೇಕಾಗಿಲ್ಲ.

ವಸಿಷ್ಠ ಮತ್ತು ಅರುಂಧತಿಯ ನಡುವಿನ ಅಂತರ ಸುಮಾರು 12 ಕಲೆ, ಎಂದರೆ ಒಂದು ಡಿಗ್ರಿಯ ಐದನೇ ಒಂದು ಭಾಗ. ಸಣ್ಣ ದೂರದರ್ಶಕವನ್ನು ಅತ್ತ ತಿರುಗಿಸಿದರೆ ಹೊಸದೊಂದು ವಿಷಯ ಗೊತ್ತಾಗುತ್ತದೆ: ವಸಿಷ್ಠನೇ ಎರಡು. 2.2 ಮತ್ತು 3.9 ಕಾಂತಿಮಾನದ (ಅಂಕಿ ಚಿಕ್ಕದಾದಷ್ಟೂ ಚುಕ್ಕಿ ಪ್ರಖರ) ಎರಡು ಬಿಳಿ ಚುಕ್ಕಿಗಳು 14 ವಿಕಲೆ ಅಂತರದಲ್ಲಿ ನಿಂತಿವೆ. ಗೆಲಿಲಿಯೊನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ 1617ರಲ್ಲಿ ಇದನ್ನು ಗಮನಿಸಿ ಗುರುವಿಗೆ ನೋಡಲು ಹೇಳಿದ; ದೂರದರ್ಶಕದಿಂದ ಬೇರ್ಪಟ್ಟ ಜೋಡಿಗಳಲ್ಲಿ ಇದು ಮೊದಲ ಸಾಲಿನದು. 1857ರಲ್ಲಿ ಹಾರ್ವರ್ಡಿನಲ್ಲಿ ಫೋಟೋ ತೆಗೆಸಿಕೊಂಡ ಮೊದಲ ಜೋಡಿಯೂ ಇದೇ. 1889ರಲ್ಲಿ ಎಡ್ವರ್ಡ್ ಪಿಕರಿಂಗ್ ಆ ಎರಡರಲ್ಲಿ ಪ್ರಕಾಶಮಾನವಾದದ್ದರ ರೋಹಿತ ರೇಖೆಗಳು ಇಬ್ಭಾಗವಾಗುವುದನ್ನು ಪ್ರಕಟಿಸಿದ. ಸುಮಾರು ಇಪ್ಪತ್ತೂವರೆ ದಿನಕ್ಕೊಮ್ಮೆ ಸುತ್ತುವ, ಯಾವ ಹವ್ಯಾಸಿಯ ದೂರದರ್ಶಕಕ್ಕೂ ಬಿಡಿಸಲಾಗದ ಇನ್ನೊಂದು ಜೋಡಿ ಅದರೊಳಗಿತ್ತು. ಎರಡನೆಯದೂ ಹಾಗೆಯೇ ಯಮಳ. ಅರುಂಧತಿಗೂ ಒಂದು ಮಂದ ಕೆಂಪು ಸಂಗಾತಿ ಇರುವುದು 2009ರಲ್ಲಿ ಕಂಡುಬಂತು. ಮದುವೆಯ ರಾತ್ರಿ ತೋರಿಸುವ ಎರಡು ಚುಕ್ಕಿಗಳು ಲೆಕ್ಕಕ್ಕೆ ಆರು. ಅವು ನಮ್ಮಿಂದ ಸುಮಾರು 83 ಜ್ಯೋತಿರ್ವರ್ಷ ದೂರದಲ್ಲಿ, ಒಂದೇ ಬಳಗವಾಗಿ ಸಾಗುತ್ತಿವೆ.

ಹಗಲು ಮುಹೂರ್ತದ ಮದುವೆಗಳಲ್ಲಿ ಇಂದು ಪುರೋಹಿತರು ಚಪ್ಪರದ ಆಚೆಗೆ ಕೈ ತೋರಿಸುತ್ತಾರೆ, ವಧೂವರರು ಕಂಡಿತೆನ್ನುತ್ತಾರೆ. ಇದು ನೋವಿನ ಸಂಗತಿ. ಏಕೆಂದರೆ ಮದುವೆಗಳ ಕಾಲವಾದ ವೈಶಾಖದಲ್ಲಿ, ಮೇ ತಿಂಗಳ ನಡುವಿನ ರಾತ್ರಿ ಒಂಬತ್ತರಿಂದ ಹತ್ತೂವರೆಯೊಳಗೆ, ಹೊಸಪೇಟೆಯ ಉತ್ತರ ಆಕಾಶದಲ್ಲಿ ಈ ಜೋಡಿ 50 ಡಿಗ್ರಿ ಎತ್ತರಕ್ಕೆ ಏರಿರುತ್ತದೆ. ಊಟ ಮುಗಿಸಿ ಮಾಳಿಗೆ ಹತ್ತಿದರೆ ಸಾಕು.

ಒಂದು ವಿಕಲೆ ಎಂದರೆ ಎಷ್ಟು

ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಪುಸ್ತಕದಲ್ಲಿ ಓದಿದರೆ ಇದು ಬರಿಯ ಸಂಖ್ಯೆ. ಈ ಊರಿನ ನೆಲದ ಮೇಲೆ ಇಟ್ಟು ನೋಡಿದರೆ ಅಳತೆಯಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಹಂಪಿಯಲ್ಲಿಟ್ಟ ವಸ್ತುವನ್ನು ಹೊಸಪೇಟೆಯಿಂದ ನೋಡಲು ಸಾಧ್ಯವೆಂದುಕೊಂಡರೆ, ಒಂದು ವಿಕಲೆ ಅಲ್ಲಿ ಸುಮಾರು 6 ಸೆಂ.ಮೀ. ಅಗಲ: ಒಂದು ದಪ್ಪ ನಿಂಬೆಹಣ್ಣು. ವಸಿಷ್ಠನಿಂದ ಅರುಂಧತಿಗೆ ಇರುವ ಅಂತರ ಸುಮಾರು 45 ಮೀಟರ್. ಅದು ವಿರೂಪಾಕ್ಷ ದೇವಾಲಯದ ಒಂಬತ್ತು ಅಂತಸ್ತಿನ ಪೂರ್ವ ಗೋಪುರದ ಎತ್ತರಕ್ಕೆ ಸ್ವಲ್ಪವೇ ಕಡಿಮೆ. ವಸಿಷ್ಠನೊಳಗಿನ ಜೋಡಿ ಒಂದು ಮೀಟರಿಗಿಂತ ತುಸು ಹತ್ತಿರ ಹಚ್ಚಿಟ್ಟ ಎರಡು ಹಣತೆ. ಸಣ್ಣ ದೂರದರ್ಶಕಕ್ಕೆ ಕಷ್ಟ ಕೊಡುವ 2 ವಿಕಲೆಯ ಜೋಡಿ ಎಂದರೆ ಗೇಣಿಗಿಂತ ಕಡಿಮೆ ಅಂತರದ ಎರಡು ಹಣತೆ. ಇಷ್ಟು ಸೂಕ್ಷ್ಮವನ್ನು ಕಿರಿದಾದ ಮಸೂರವೊಂದು ಬಿಡಿಸಿ ತೋರಿಸುತ್ತದೆ ಎಂಬುದು ಎಷ್ಟು ಸಲ ನೋಡಿದರೂ ಬೆರಗೇ.

ದೂರದರ್ಶಕ ಎಷ್ಟು ಬಿಡಿಸಬಲ್ಲದು ಎಂಬುದು ಅದರ ಮಸೂರದ ಅಥವಾ ಕನ್ನಡಿಯ ಅಗಲದ ಮೇಲೆ ನಿಂತಿದೆ. ವಿಲಿಯಂ ರಟರ್ ಡಾವ್ಸ್ ಎಂಬ ಇಂಗ್ಲಿಷ್ ವೀಕ್ಷಕ ಅನುಭವದಿಂದ ಕಟ್ಟಿದ ಸೂತ್ರ ಸರಳ: 116ನ್ನು ಮಿಲಿಮೀಟರಿನಲ್ಲಿ ಹೇಳಿದ ಅಗಲದಿಂದ ಭಾಗಿಸಿದರೆ, ಬಿಡಿಸಬಹುದಾದ ಕನಿಷ್ಠ ಅಂತರ ವಿಕಲೆಯಲ್ಲಿ ಸಿಗುತ್ತದೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ 60 ಮಿ.ಮೀ. ಮಸೂರಕ್ಕೆ 1.9 ವಿಕಲೆ, 100 ಮಿ.ಮೀ.ಗೆ 1.2, 150 ಮಿ.ಮೀ. ಕನ್ನಡಿಗೆ 0.8. ಎರಡೂ ಚುಕ್ಕಿಗಳು ಹೆಚ್ಚುಕಡಿಮೆ ಸಮಾನ ಕಾಂತಿಯವಾಗಿದ್ದರೆ ಮಾತ್ರ ಈ ಸೂತ್ರ ನಿಲ್ಲುತ್ತದೆ. ಒಂದು ಪ್ರಖರವಾಗಿ ಇನ್ನೊಂದು ಮಂದವಾಗಿದ್ದರೆ ಸೂತ್ರ ಹೇಳಿದ್ದರ ಎರಡು ಮೂರು ಪಟ್ಟು ಅಂತರವಿದ್ದರೂ ಕಣ್ಣು ಸೋಲಬಹುದು.

ಅಗಲಕ್ಕೇಕೆ ಇಷ್ಟು ಮಹತ್ವ? ಬೆಳಕು ಅಲೆಯಾದ್ದರಿಂದ, ಸಣ್ಣ ಕಿಂಡಿಯಲ್ಲಿ ನುಸುಳಿದಾಗ ಹರಡಿಕೊಳ್ಳುತ್ತದೆ. ಎಷ್ಟೇ ದೂರದ ಚುಕ್ಕಿಯಾದರೂ ದೂರದರ್ಶಕದಲ್ಲಿ ಬಿಂದುವಾಗಿ ನಿಲ್ಲದೆ ಒಂದು ಪುಟ್ಟ ಬಿಲ್ಲೆಯಾಗಿ, ಸುತ್ತ ತೆಳುವಾದ ಬಳೆಗಳೊಂದಿಗೆ ಕಾಣುತ್ತದೆ. ಜಾರ್ಜ್ ಏರಿ 1835ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟ. ಅಗಲ ಹೆಚ್ಚಿದಷ್ಟೂ ಬಿಲ್ಲೆ ಕುಗ್ಗುತ್ತದೆ, ಪಕ್ಕದ ಬಿಲ್ಲೆಯಿಂದ ಬೇರೆಯಾಗುತ್ತದೆ. ವಿರೂಪಾಕ್ಷ ದೇವಾಲಯದ ಒಳಗಿನ ಕತ್ತಲೆ ಕೋಣೆಯಲ್ಲಿ, ಗೋಡೆಯ ಕಿಂಡಿಯಿಂದ ಬಂದ ಬೆಳಕು ಗೋಪುರದ ತಲೆಕೆಳಗಾದ ನೆರಳನ್ನು ಮೂಡಿಸುವುದನ್ನು ಹಂಪಿಗೆ ಬಂದವರೆಲ್ಲ ನೋಡಿರುತ್ತಾರೆ. ಅಲ್ಲಿ ಕಿಂಡಿ ದೊಡ್ಡದಾದರೆ ಚಿತ್ರ ಮಸುಕಾಗುತ್ತಿತ್ತು. ಮಸೂರವಿರುವ ದೂರದರ್ಶಕದಲ್ಲಿ ಬಾಯಿ ದೊಡ್ಡದಾದಷ್ಟೂ ಚಿತ್ರ ಚೊಕ್ಕ. ತಲೆಕೆಳಗಾಗುವುದು ಮಾತ್ರ ಎರಡಕ್ಕೂ ಸಮಾನ. ಕನ್ನಡಿಯ ದೂರದರ್ಶಕದಲ್ಲಿ ಉತ್ತರ ಕೆಳಗೆ ಬಂದಾಗ ಗಾಬರಿಯಾಗುವ ವಿದ್ಯಾರ್ಥಿಗೆ ಆ ಗೋಪುರದ ನೆರಳನ್ನು ನೆನಪಿಸಿದರೆ ಸಾಕು.

ಕೊಳ್ಳುವವರಿಗೆ ಒಂದು ಮಾತು: ಪೆಟ್ಟಿಗೆಯ ಮೇಲೆ ಐನೂರು ಪಟ್ಟು ವರ್ಧನೆ ಎಂದು ಬರೆದದ್ದನ್ನು ನಂಬಬೇಡಿ. ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಬರುತ್ತದೆ. ಮಿಲಿಮೀಟರಿನ ಅಗಲದ ಎರಡು ಪಟ್ಟನ್ನು ದಾಟಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ. ಜೋಡಿಗಳಿಗೆ ಉದ್ದ ಸಂಗಮದೂರದ ಸಾದಾ ಮಸೂರದ ದೂರದರ್ಶಕ ಬಹಳ ಒಳ್ಳೆಯದು. ಅದಕ್ಕಿಂತ ಮುಖ್ಯ, ಗಾಳಿಗೆ ನಡುಗದ ಮುಕ್ಕಾಲಿ.

ಸ್ಥಳ, ಗಾಳಿ, ಕಾಲ

ಈ ನಾಲ್ಕು ಊರುಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿವೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ, ಹಂಪಿ. ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು ಸಂಡೂರು, ಕಂಪ್ಲಿ. ಆಕಾಶಕ್ಕೆ ಈ ಗಡಿ ಇಲ್ಲವಾದರೂ ನೆಲದ ಗುಣ ಊರಿಂದ ಊರಿಗೆ ಬೇರೆ, ಅದು ಚಿತ್ರದ ಸ್ಥಿರತೆಯಲ್ಲಿ ತಕ್ಷಣ ಗೊತ್ತಾಗುತ್ತದೆ.

ಹಂಪಿಯಲ್ಲಿ ಬಂಡೆಯೇ ಸಮಸ್ಯೆ. ದಿನವೆಲ್ಲ ಬಿಸಿಲುಂಡ ಕಣಶಿಲೆ ಕತ್ತಲಾದ ಮೇಲೆ ಗಂಟೆಗಟ್ಟಲೆ ಕಾವನ್ನು ಬಿಡುತ್ತದೆ. ಅದರ ಮೇಲೆ ಏಳುವ ಗಾಳಿಯಲ್ಲಿ ಚುಕ್ಕಿ ಕುದಿಯುವ ನೀರಿನ ತಳದ ನಾಣ್ಯದಂತೆ ಅಲುಗುತ್ತದೆ. ಆದ್ದರಿಂದ ಬಂಡೆಯ ಮೇಲೆ ದೂರದರ್ಶಕ ಹೂಡಬಾರದು. ಮಣ್ಣು ಅಥವಾ ಹುಲ್ಲಿನ ಬಯಲು ಲೇಸು, ನಡುರಾತ್ರಿ ಕಳೆದ ಮೇಲೆ ಇನ್ನೂ ಲೇಸು. ಸ್ಮಾರಕಗಳ ಆವರಣ ಸಂಜೆಗೆ ಮುಚ್ಚುತ್ತದೆ. ಬೆಟ್ಟಗಳಲ್ಲಿ ಚಿರತೆ, ಕರಡಿಗಳ ಓಡಾಟವಿದೆ, ದರೋಜಿಯ ಕರಡಿಧಾಮ ಹತ್ತಿರದಲ್ಲೇ ಇದೆ. ರಾತ್ರಿ ಒಬ್ಬೊಬ್ಬರೇ ಗುಡ್ಡ ಹತ್ತುವ ಸಾಹಸ ಬೇಡ. ಕಮಲಾಪುರ, ಹೊಸಪೇಟೆಗಳ ಮನೆ ಮಾಳಿಗೆ, ಶಾಲೆಯ ಮೈದಾನ, ಪರಿಚಯದವರ ಹೊಲ ಇವೇ ಸರಿಯಾದ ಜಾಗ. ಮಾಳಿಗೆಯೂ ಕಾದಿರುತ್ತದೆ, ಸಂಜೆ ನಾಲ್ಕು ಕೊಡ ನೀರು ಚೆಲ್ಲಿದರೆ ಬೇಗ ತಣಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕೋಣೆಯೊಳಗೆ ಬೆಂದಿರುವ ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಡಬೇಕು.

ಕಂಪ್ಲಿಯ ಪರಿಸ್ಥಿತಿ ಬೇರೆ. ಕಾಲುವೆ ನೀರಿನ ಭತ್ತದ ಗದ್ದೆ, ಕಬ್ಬು, ಬಾಳೆ ತೋಟಗಳ ನೆಲ ಬೇಗ ತಣಿಯುತ್ತದೆ, ಗಾಳಿ ಶಾಂತವಾಗಿರುತ್ತದೆ, ಚಿತ್ರ ನಿಲ್ಲುತ್ತದೆ. ಬೆಲೆಯಾಗಿ ಇಬ್ಬನಿ ಬರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಹೊಳೆದಂಡೆಯ ಹೊಲದಲ್ಲಿ ಹತ್ತು ಗಂಟೆಯ ಹೊತ್ತಿಗೆ ಮಸೂರ ಬೆವರುತ್ತದೆ. ಮಸೂರದ ಮುಂದೆ ಕಪ್ಪು ರಟ್ಟಿನ ಕೊಳವೆಯನ್ನು, ಮಸೂರದ ಅಗಲದ ಎರಡರಷ್ಟು ಉದ್ದಕ್ಕೆ, ಸುತ್ತಿ ಕಟ್ಟಿದರೆ ಒಂದೆರಡು ಗಂಟೆ ಹೆಚ್ಚು ಸಿಗುತ್ತದೆ. ಬಟ್ಟೆಯಿಂದ ಒರೆಸಬಾರದು. ದಕ್ಷಿಣ ದಿಗಂತ ತೆರೆದಿರುವುದು ಕಂಪ್ಲಿಯ ಇನ್ನೊಂದು ಭಾಗ್ಯ. ಸಂಡೂರಿನ ಬೆಟ್ಟಸಾಲು ಅಲ್ಲಿಂದ ದೂರದ ಒಂದು ಗೆರೆ ಮಾತ್ರ.

ಸಂಡೂರಿನಲ್ಲಿ ಬೆಟ್ಟಗಳೇ ಬೆಳಕಿಗೆ ಅಡ್ಡಗೋಡೆ. ಕಣಿವೆಯೊಳಗೆ ಕತ್ತಲೆ ಇನ್ನೂ ಉಳಿದಿದೆ. ಅದಿರು ಸಾಗಣೆಯ ಕೆಂಧೂಳು ಒಣ ದಿನಗಳಲ್ಲಿ ಪಾರದರ್ಶಕತೆಯನ್ನು ತಿನ್ನುತ್ತದೆ. ಮಳೆ ತೊಳೆದ ಮರುದಿನಗಳಲ್ಲಿ ಆಕಾಶ ಅಪೂರ್ವ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂಬ ಮಾತನ್ನು ಇಲ್ಲಿಯವರು ಗಾಂಧೀಜಿಯವರದೆಂದು ನೆನೆಯುತ್ತಾರೆ. ಹಸಿರಿಗೆ ಅದು ಸರಿ. ಚುಕ್ಕಿಗಳಿಗೆ ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಏನೇನು ನೋಡಬಹುದು

ಕಾರ್ತಿಕ ಮಾಸದ ಸಂಜೆ ಮೊದಲುಮಾಡಲು ಅಶ್ವಿನಿಗಿಂತ ಚೆಲುವಾದ ಜೋಡಿಯಿಲ್ಲ. ಮೇಷದ ಮೂರು ಮುಖ್ಯ ಚುಕ್ಕಿಗಳಲ್ಲಿ ಮಂದವಾದದ್ದನ್ನು, ಪಾಶ್ಚಾತ್ಯರು ಮೆಸಾರ್ಥಿಮ್ ಎನ್ನುವುದನ್ನು, 50 ಪಟ್ಟು ವರ್ಧನೆಯಲ್ಲಿ ನೋಡಿದರೆ ಒಂದೇ ಕಾಂತಿಯ, ಒಂದೇ ಬಿಳುಪಿನ ಎರಡು ಚುಕ್ಕಿಗಳು ಏಳೂವರೆ ವಿಕಲೆ ಅಂತರದಲ್ಲಿ ತೆರೆದುಕೊಳ್ಳುತ್ತವೆ. ಅವಳಿ ದೇವತೆಗಳ ಹೆಸರು ಹೊತ್ತ ನಕ್ಷತ್ರದೊಳಗೆ ನಿಜಕ್ಕೂ ಅವಳಿ ಇರುವುದು ಹಿಂದಿನವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ನೋಡುವಾಗ ಮನಸ್ಸು ಅರಳುತ್ತದೆ. ರಾಬರ್ಟ್ ಹುಕ್ 1664ರಲ್ಲಿ ಧೂಮಕೇತುವೊಂದನ್ನು ಹಿಂಬಾಲಿಸುತ್ತ ಇದನ್ನು ಅಕಸ್ಮಾತ್ತಾಗಿ ಕಂಡ. ನಮ್ಮಲ್ಲಿ ಇದು ನೆತ್ತಿಯ ಹತ್ತಿರ, 86 ಡಿಗ್ರಿಗೆ ಏರುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯ ಪದರ ತೀರ ತೆಳು. ಆದರೆ ಡಾಬ್ಸೋನಿಯನ್ ಮಾದರಿಯ ದೂರದರ್ಶಕವನ್ನು ನೆತ್ತಿಯ ಹತ್ತಿರ ತಿರುಗಿಸುವುದು ತ್ರಾಸ, ಅರ್ಧ ಗಂಟೆ ಮೊದಲೋ ಆಮೇಲೋ ನೋಡುವುದು ವಾಸಿ.

ಅದೇ ತಿಂಗಳುಗಳಲ್ಲಿ ಪಶ್ಚಿಮಕ್ಕೆ ಇಳಿಯುತ್ತಿರುವ ರಾಜಹಂಸದ ಕೊಕ್ಕಿನ ತುದಿ ಅಲ್ಬಿರಿಯೊ. ಹೊಂಬಣ್ಣದ ಒಂದು, ನೀಲಿ ಬಣ್ಣದ ಇನ್ನೊಂದು, 34 ವಿಕಲೆ ಅಂತರ: ನಮ್ಮ ಹಂಪಿಯ ಅಳತೆಯಲ್ಲಿ ಎರಡು ಮೀಟರಿಗಿಂತ ತುಸು ಹೆಚ್ಚು. ಅತಿ ಅಗ್ಗದ ದೂರದರ್ಶಕದಲ್ಲೂ ತೋರುವ ಈ ಬಣ್ಣಗಳನ್ನು ನೋಡಿದ ಮಕ್ಕಳು ದೂರದರ್ಶಕ ಬಿಟ್ಟು ಕದಲುವುದಿಲ್ಲ. ಇವೆರಡೂ ಒಂದನ್ನೊಂದು ಸುತ್ತುತ್ತಿವೆಯೇ ಎಂಬುದು ಹಳೆಯ ಪ್ರಶ್ನೆ. 2013ರಲ್ಲಿ ಹಾರಿದ ಗಯಾ ಉಪಗ್ರಹದ ಅಳತೆಗಳು ಇದು ತೋರಿಕೆಯ ಜೋಡಿ ಮಾತ್ರವೆಂಬ ಅನುಮಾನವನ್ನು ಬಲಪಡಿಸಿವೆ. ಕನ್ನಡದ ಖಗೋಳ ಪುಸ್ತಕಗಳು ದ್ರೌಪದಿ ಎಂದು ಕರೆಯುವ ಆಂಡ್ರೊಮಿಡಾ ಪುಂಜದ ಅಲ್ಮಾಕ್ ಕೂಡ ಇದೇ ಬಣ್ಣದ್ದು. 10 ವಿಕಲೆಗೆ ಸ್ವಲ್ಪ ಕಡಿಮೆ ಅಂತರದ್ದಾದ್ದರಿಂದ ಬಣ್ಣದ ವೈದೃಶ್ಯ ಇನ್ನೂ ತೀವ್ರ. ಅಭಿಜಿತ್ತಿನ ಪಕ್ಕದ ಎಪ್ಸಿಲಾನ್ ಲೈರಾ ಬೈನಾಕ್ಯುಲರಿನಲ್ಲಿ ಎರಡು, 100 ಮಿ.ಮೀ. ದೂರದರ್ಶಕದಲ್ಲಿ 120 ಪಟ್ಟು ವರ್ಧನೆಗೆ ನಾಲ್ಕು. ಒಳಗಿನ ಜೋಡಿಗಳೆರಡೂ ಎರಡೂಕಾಲು ವಿಕಲೆಯ ಸುತ್ತಮುತ್ತ ಇರುವುದರಿಂದ ಗಾಳಿಯ ಗುಣವನ್ನು ಪರೀಕ್ಷಿಸಲು ಇದೇ ಒರೆಗಲ್ಲು.

ಚಳಿಗಾಲದ ಮಹಾವ್ಯಾಧದಲ್ಲಿ ರೈಜೆಲ್ ಪಾಠ ಕಲಿಸುತ್ತದೆ. ಸಂಗಾತಿ ಒಂಬತ್ತೂವರೆ ವಿಕಲೆ ದೂರವಿದ್ದರೂ ಸುಮಾರು ನಾನೂರು ಪಟ್ಟು ಮಂದ. ಮೊದಲ ರಾತ್ರಿ ಕಾಣುವುದಿಲ್ಲ, ಮೂರನೆಯ ರಾತ್ರಿ ಕಂಡ ಮೇಲೆ ಮತ್ತೆಂದೂ ಮರೆಯಾಗುವುದಿಲ್ಲ. ಅದರ ಮುಂದಿನ ಮೆಟ್ಟಿಲು ಲುಬ್ಧಕ. ಅದರ ಚಲನೆಯ ಓಲಾಟದಿಂದ ಕಾಣದ ಸಂಗಾತಿಯೊಂದು ಇರಬೇಕೆಂದು ಜರ್ಮನಿಯ ಖಗೋಳವಿಜ್ಞಾನಿ ಬೆಸೆಲ್ 1844ರಲ್ಲಿ ಹೇಳಿದ್ದ. 1862ರ ಜನವರಿ 31ರಂದು ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ಮಸೂರವನ್ನು ಪರೀಕ್ಷಿಸುವಾಗ ಅದು ಕಣ್ಣಿಗೆ ಬಿತ್ತು. ಭೂಮಿಯಷ್ಟು ಗಾತ್ರ, ಸೂರ್ಯನಷ್ಟು ತೂಕದ ಶ್ವೇತಕುಬ್ಜ ಅದು. ಅಂಥ ನಕ್ಷತ್ರಗಳ ತೂಕಕ್ಕೊಂದು ಮೇರೆ ಇದೆಯೆಂದು ಲೆಕ್ಕ ಮಾಡಿದವರು ನಮ್ಮ ಎಸ್. ಚಂದ್ರಶೇಖರ್. 50 ವರ್ಷದ ಕಕ್ಷೆಯಲ್ಲಿ ಈಗ ಅಂತರ ಸುಮಾರು 11 ವಿಕಲೆ, ಹೆಚ್ಚುಕಡಿಮೆ ಗರಿಷ್ಠ. ಲಂಡನ್ನಿನಲ್ಲಿ 22 ಡಿಗ್ರಿಗೆ ಮಾತ್ರ ಏರುವ ಲುಬ್ಧಕ ನಮ್ಮಲ್ಲಿ 58 ಡಿಗ್ರಿಗೆ ಏರುತ್ತದೆ. 150 ಮಿ.ಮೀ. ಕನ್ನಡಿ ಇರುವವರು ಮುಂದಿನ ಕೆಲವು ವರ್ಷಗಳಲ್ಲಿ ಪ್ರಯತ್ನಿಸದಿದ್ದರೆ ಮತ್ತೆ ಅರ್ಧ ಶತಮಾನ ಕಾಯಬೇಕು.

ಪುನರ್ವಸುವಿನ ಕ್ಯಾಸ್ಟರ್ ಐದೂವರೆ ವಿಕಲೆಯ ಬಿಳಿ ಜೋಡಿ. ಸುಮಾರು 460 ವರ್ಷಕ್ಕೊಂದು ಸುತ್ತು. ಸಿಂಹದ ಕೊರಳಿನ ಅಲ್ಜೀಬಾ ಹೊಂಬಣ್ಣದ ಎರಡು ಚುಕ್ಕಿಗಳು, ನಾಲ್ಕೂಮುಕ್ಕಾಲು ವಿಕಲೆಗೆ ಸ್ವಲ್ಪ ಕಡಿಮೆ. ಚೈತ್ರ ಹುಣ್ಣಿಮೆಯಲ್ಲಿ ವಿರೂಪಾಕ್ಷನ ತೇರು ಎಳೆದ ರಾತ್ರಿ ಒಂಬತ್ತಕ್ಕೆ ನೆತ್ತಿಯ ಮೇಲಿರುತ್ತವೆ, ಬೆಳುದಿಂಗಳು ಅಡ್ಡಿ ಮಾಡುವುದಿಲ್ಲ.

ಕನ್ಯಾ ರಾಶಿಯ ಪೊರಿಮಾಗೆ ಮಾತ್ರ ಬೇರೆಯೇ ಗೌರವ ಸಲ್ಲಬೇಕು. ಸಮಾನ ಕಾಂತಿಯ ಎರಡು ತಾರೆಗಳು 169 ವರ್ಷದ ಅತಿ ಉದ್ದನೆಯ ದೀರ್ಘವೃತ್ತದಲ್ಲಿ ಸುತ್ತುತ್ತವೆ. 2005ರಲ್ಲಿ ಅವು 0.4 ವಿಕಲೆಗೆ ಹತ್ತಿರ ಬಂದವು. ಹಂಪಿಯಲ್ಲಿ ಎರಡೂವರೆ ಸೆಂ.ಮೀ. ಅಂತರ. ಆಗ ಸಣ್ಣ ದೂರದರ್ಶಕಗಳಲ್ಲಿ ಅದು ಒಂದೇ ಚುಕ್ಕಿ. ಇಂದು ಮೂರು ವಿಕಲೆಯನ್ನು ದಾಟಿ, 60 ಮಿ.ಮೀ. ಮಸೂರದಲ್ಲೂ ಚೊಕ್ಕವಾಗಿ ಬೇರೆಯಾಗುತ್ತದೆ. ನಕ್ಷತ್ರಗಳು ಅಚಲ ಎಂದು ಕಲಿತು ಬೆಳೆದವರಿಗೆ, ತಮ್ಮ ಆಯುಸ್ಸಿನೊಳಗೆ ಎರಡು ಸೂರ್ಯಗಳು ಸರಿದದ್ದನ್ನು ಸ್ವಂತ ಕಣ್ಣಿಂದ ಕಾಣಿಸುವ ಜೋಡಿ ಇದು.

ಬೇಸಿಗೆಯ ವೃಶ್ಚಿಕದಲ್ಲಿ ಅನುರಾಧಾ ನಕ್ಷತ್ರದ ಉತ್ತರ ತುದಿಯ ಬೀಟಾ ಸುಲಭದ ಜೋಡಿ, 13 ವಿಕಲೆಗಿಂತ ತುಸು ಹೆಚ್ಚು. ಜ್ಯೇಷ್ಠಾ ಕಠಿಣ: ಕೆಂಪು ದೈತ್ಯನ ಎರಡೂವರೆ ವಿಕಲೆ ಪಕ್ಕದಲ್ಲಿ ಹಸಿರು ಛಾಯೆಯ ಸಂಗಾತಿ. ಹಸಿರು ನಿಜವಲ್ಲ, ಕೆಂಪಿನ ಪಕ್ಕದಲ್ಲಿ ಕಣ್ಣು ಕಟ್ಟಿಕೊಳ್ಳುವ ಬಣ್ಣ. 1819ರಲ್ಲಿ ಚಂದ್ರ ಜ್ಯೇಷ್ಠೆಯನ್ನು ಮರೆಮಾಡಿದಾಗ ಇದು ಮೊದಲು ಗಮನಕ್ಕೆ ಬಂತು.

ಧ್ರುವದಿಂದ ತ್ರಿಶಂಕುವಿಗೆ

ಹದಿನೈದನೆಯ ಅಕ್ಷಾಂಶದ ಸೊಗಸೆಂದರೆ ಉತ್ತರದ ಧ್ರುವವೂ ದಕ್ಷಿಣದ ತ್ರಿಶಂಕುವೂ ಒಂದೇ ರಾತ್ರಿ ದೊರೆಯುವುದು. ವಿಜಯನಗರದ ಅರಮನೆಯ ಪ್ರದೇಶದಿಂದ, ರಾಮಚಂದ್ರ ದೇವಾಲಯದ ಸುತ್ತಿನಿಂದ, ಮಾತಂಗ ಪರ್ವತ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ಖಗೋಳವಿಜ್ಞಾನಿ ಜೆ. ಮೆಕ್‌ಕಿಮ್ ಮ್ಯಾಲ್ವಿಲ್ ಈ ಹೊಂದಿಕೆಯನ್ನು ಅಳೆದು ಬರೆದಿದ್ದಾರೆ. ಆ ಶಿಖರದ ಮೇಲ್ಭಾಗಕ್ಕೆ, ದಿಗಂತದಿಂದ 15 ಡಿಗ್ರಿಯಲ್ಲಿ ಧ್ರುವ. ಅದೂ ಜೋಡಿಯೇ: 18 ವಿಕಲೆ ದೂರದ, ಒಂಬತ್ತನೆಯ ಕಾಂತಿಮಾನದ ಸಂಗಾತಿಯನ್ನು ಹರ್ಷೆಲ್ 1779ರಲ್ಲಿ ಕಂಡ. ಯುರೋಪಿನಲ್ಲಿ 60 ಮಿ.ಮೀ.ಗೆ ಸಿಗುವ ಈ ಸಂಗಾತಿ ಇಲ್ಲಿ ಸುಲಭವಲ್ಲ. ನೆತ್ತಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪದ ಗಾಳಿಯನ್ನು ದಾಟಿ ಬೆಳಕು ಬರಬೇಕು. 100 ಮಿ.ಮೀ. ಇದ್ದರೆ ಕ್ಷೇಮ.

ದಕ್ಷಿಣದಲ್ಲಿ ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ತ್ರಿಶಂಕು ನೇರ ನಿಲ್ಲುತ್ತದೆ. ಅದರ ಬುಡದ ಆಲ್ಫಾ 4 ವಿಕಲೆಯ ನೀಲಿ ಬಿಳುಪಿನ ಜೋಡಿ, ಆದರೆ 12 ಡಿಗ್ರಿಗಿಂತ ಮೇಲೇರುವುದಿಲ್ಲ. ಅಷ್ಟು ತಗ್ಗಿನಲ್ಲಿ ವಾಯುಮಂಡಲವೇ ಅಶ್ರಗದಂತೆ ಬೆಳಕನ್ನು ಬಿಡಿಸಿ ಕೆಂಪು, ನೀಲಿ ಅಂಚು ಕಟ್ಟುತ್ತದೆ. ಅದನ್ನು ದೂರದರ್ಶಕದ ದೋಷವೆಂದು ಭಾವಿಸಬಾರದು. ಎರಡು ಗಂಟೆ ತಡವಾಗಿ ಕಿನ್ನರದ ಆಲ್ಫಾ ಸುಮಾರು 14 ಡಿಗ್ರಿಗೆ ಬರುತ್ತದೆ. ಸೂರ್ಯನ ಅತಿ ಹತ್ತಿರದ ನೆರೆಯಾದ ಈ ಜೋಡಿಗೆ ದಕ್ಷಿಣ ಭಾರತದ ನಂಟಿದೆ: 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಜೆಸ್ಯುಟ್ ಪಾದ್ರಿ ಜಾನ್ ರಿಷೋ ಧೂಮಕೇತು ನೋಡುತ್ತಿದ್ದಾಗ ಇದು ಎರಡೆಂದು ಕಂಡ. ಹುಕ್‌ನಂತೆ ಇವನಿಗೂ ಧೂಮಕೇತುವೇ ದಾರಿ ತೋರಿತು. ಸುಮಾರು 80 ವರ್ಷದ ಕಕ್ಷೆಯಲ್ಲಿ 2016ರ ಹೊತ್ತಿಗೆ 4 ವಿಕಲೆಗೆ ಇಳಿದಿದ್ದ ಅಂತರ ಈಗ ಸುಮಾರು ಎರಡು ಪಟ್ಟಾಗಿದ್ದು, ಇನ್ನೂ ಹಿಗ್ಗುತ್ತಿದೆ.

ನಕ್ಷತ್ರವನ್ನು ತೂಗುವುದು ಹೇಗೆಂದು ಇದರಲ್ಲೇ ಲೆಕ್ಕ ಮಾಡಬಹುದು. ಕಕ್ಷೆಯ ಸರಾಸರಿ ದೂರ ಭೂಮಿ–ಸೂರ್ಯ ದೂರದ 23.5 ಪಟ್ಟು. ಅದರ ಘನ ಸುಮಾರು 12,980. ಕಾಲದ ವರ್ಗ ಸುಮಾರು 6,380. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.03: ಎರಡೂ ಸೇರಿ ಎರಡು ಸೂರ್ಯರ ತೂಕ. ನಕ್ಷತ್ರಗಳ ದ್ರವ್ಯರಾಶಿಯ ಬಗ್ಗೆ ನಮಗಿರುವ ಜ್ಞಾನದ ಬುನಾದಿ ಇಂಥ ಜೋಡಿಗಳೇ.

ಹೊಸಪೇಟೆ, ಹಂಪಿ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ (ಸಂಡೂರು ಆಗ ಘೋರ್ಪಡೆ ಅರಸರ ಸಂಸ್ಥಾನ) ಪ್ರಾಂತ್ಯದ ವೀಕ್ಷಣಾಲಯ ಮದ್ರಾಸಿನಲ್ಲಿತ್ತು. ಅದರ ನಿರ್ದೇಶಕ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ ಜೋಡಿ ನಕ್ಷತ್ರಗಳ ನಿಷ್ಠಾವಂತ ವೀಕ್ಷಕ. ಉರಗಧರ ಪುಂಜದ 70ನೇ ನಕ್ಷತ್ರದ ಜೋಡಿ ಲೆಕ್ಕದ ಕಕ್ಷೆಯಿಂದ ಸರಿಯುತ್ತಿದೆಯೆಂದೂ, ಅದಕ್ಕೆ ಕಾಣದ ಗ್ರಹವೊಂದು ಕಾರಣವಿರಬಹುದೆಂದೂ 1855ರಲ್ಲಿ ಬರೆದ. ಊಹೆ ನಿಲ್ಲಲಿಲ್ಲ. ಬೇರೊಂದು ಸೂರ್ಯನಿಗೆ ಗ್ರಹವಿದೆಯೆಂದು ಅಳತೆಯ ಆಧಾರದಿಂದ ವಾದಿಸಿದ ಮೊದಮೊದಲ ಪ್ರಬಂಧಗಳಲ್ಲಿ ಒಂದು ದಕ್ಷಿಣ ಭಾರತದಿಂದ, ಒಂದು ಜೋಡಿ ನಕ್ಷತ್ರದಿಂದ ಹುಟ್ಟಿತೆಂಬುದು ಆದರೂ ಸ್ಮರಣೀಯ. ಅದೇ ಮದ್ರಾಸ್ ಆಡಳಿತದ ರಾಬರ್ಟ್ ಸೆವೆಲ್, 1900ರಲ್ಲಿ ವಿಜಯನಗರದ ಇತಿಹಾಸವನ್ನು ಜಗತ್ತಿಗೆ ಪರಿಚಯಿಸುವ ಮೊದಲು, ಶಂಕರ ಬಾಲಕೃಷ್ಣ ದೀಕ್ಷಿತರೊಂದಿಗೆ 1896ರಲ್ಲಿ ಭಾರತೀಯ ಪಂಚಾಂಗದ ಮೇಲೆ ಗ್ರಂಥ ಬರೆದಿದ್ದ. ಶಾಸನಗಳ ತಿಥಿ, ಗ್ರಹಣಗಳನ್ನು ಲೆಕ್ಕದಿಂದ ಒರೆಗೆ ಹಚ್ಚುವ ಆ ಕೆಲಸವನ್ನು ನಮ್ಮ ಕಾಲದಲ್ಲಿ ಖಗೋಳವಿಜ್ಞಾನಿ ಬಿ. ಎಸ್. ಶೈಲಜಾ ಮುಂದುವರಿಸಿದ್ದಾರೆ. ಕನ್ನಡದಲ್ಲಿ ಆಕಾಶ ನೋಡುವುದನ್ನು ಒಂದು ತಲೆಮಾರಿಗೆ ಕಲಿಸಿದವರು ಜಿ. ಟಿ. ನಾರಾಯಣ ರಾವ್, ನಕ್ಷತ್ರಪುಂಜಗಳ ಕನ್ನಡ ಹೆಸರುಗಳು ಬಳಕೆಯಲ್ಲಿ ಉಳಿದದ್ದು ಬಹುಮಟ್ಟಿಗೆ ಅವರ ಪುಸ್ತಕಗಳಿಂದ.

ದಾಖಲೆ

ನೋಡಿದ್ದನ್ನು ಬರೆದಿಡದಿದ್ದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ದಿನಾಂಕ, ಗಂಟೆ, ಸ್ಥಳ, ದೂರದರ್ಶಕದ ಅಗಲ, ವರ್ಧನೆ, ಗಾಳಿಯ ಸ್ಥಿತಿ, ಎರಡರ ಬಣ್ಣ. ಒಂದು ವೃತ್ತ ಬರೆದು ಅದರಲ್ಲಿ ಎರಡು ಚುಕ್ಕಿ. ದಿಕ್ಕು ತಿಳಿಯುವುದು ಸುಲಭ: ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಚುಕ್ಕಿಗಳು ತೇಲುವ ಕಡೆ ಪಶ್ಚಿಮ. ಉತ್ತರದಿಂದ ಪೂರ್ವದ ಮೂಲಕ ಸಂಗಾತಿಯವರೆಗೆ ಅಳೆದ ಕೋನಕ್ಕೆ ಸ್ಥಾನಕೋನ ಎನ್ನುತ್ತಾರೆ. ಗೆರೆ ಕೊರೆದ ಐಪೀಸ್ ಇದ್ದರೆ ಅಂತರವನ್ನೂ ಅಳೆಯಬಹುದು. ವಿಷುವದ್ವೃತ್ತದ ಮೇಲಿನ ಚುಕ್ಕಿ ಸೆಕೆಂಡಿಗೆ 15 ವಿಕಲೆ ತೇಲುವುದರಿಂದ, ಕೈಗಡಿಯಾರವೇ ಗೆರೆಗಳ ಅಳತೆಪಟ್ಟಿ. ಅಮೆರಿಕದ ನೌಕಾ ವೀಕ್ಷಣಾಲಯ ನಿರ್ವಹಿಸುವ ವಾಷಿಂಗ್ಟನ್ ಪಟ್ಟಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜೋಡಿಗಳಿವೆ. ಅದರಲ್ಲಿ ಹವ್ಯಾಸಿಗಳ ಅಳತೆಗಳೂ ಸೇರಿವೆ. ಷಿಕಾಗೊ ನ್ಯಾಯಾಲಯದಲ್ಲಿ ವರದಿಗಾರನಾಗಿದ್ದ ಎಸ್. ಡಬ್ಲ್ಯು. ಬರ್ನಮ್ ಆರು ಅಂಗುಲದ ಮಸೂರದಿಂದಲೇ ನೂರಾರು ಹೊಸ ಜೋಡಿಗಳನ್ನು ಕಂಡುಹಿಡಿದ.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಬೀರುವಿನಲ್ಲಿ ಬೀಗ ಹಾಕಿಟ್ಟ ದೂರದರ್ಶಕವನ್ನು ಈ ಏಪ್ರಿಲ್ ತಿಂಗಳಲ್ಲಿ ಮೈದಾನಕ್ಕೆ ತನ್ನಿ, ಪೊರಿಮಾವನ್ನು ಹತ್ತನೇ ತರಗತಿಯ ಮಕ್ಕಳಿಂದ ಬರೆಯಿಸಿ, ಹಾಳೆಯ ಮೇಲೆ ದಿನಾಂಕ ಹಾಕಿಸಿ ಶಾಲೆಯಲ್ಲಿ ಇಡಿ. ಐದು ವರ್ಷಕ್ಕೊಮ್ಮೆ ಅದೇ ಮೈದಾನದಿಂದ ಮತ್ತೆ ಬರೆಯಿಸಿ. ಆ ಜೋಡಿ ಮತ್ತೆ ಅತಿ ಹತ್ತಿರ ಬರುವುದು 2174ರ ಸುಮಾರಿಗೆ.